ಓದು ಸರಾಗ, ಅರ್ಥ ಮಾತ್ರ ಸೊನ್ನೆ. ನೀವೇನು ಮಾಡ್ತೀರಿ?

ಮೂರನೇ ತರಗತಿಗೆ ಕಲಿಸುತ್ತೇನೆ. ಮಕ್ಕಳು ಎಲ್ಲೂ ತಡವರಿಸದೆ ಗಟ್ಟಿಯಾಗಿ ಓದುತ್ತಾರೆ. ಪುಸ್ತಕ ಮುಚ್ಚಿಸಿ "ಏನಾಯ್ತು ಹೇಳಿ" ಅಂದರೆ ಪಿಳಿಪಿಳಿ ನೋಡುತ್ತಾರೆ. ಆದರೆ ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಸರಿಯಾಗಿಯೇ ಬರೆಯುತ್ತಾರೆ! ಇದು ಹೇಗೆ? ಅನುಭವ ಇದ್ದವರು ಹೇಳಿ.

*

ಆ ಸರಿ ಉತ್ತರಗಳನ್ನು ನಂಬಬೇಡಿ ಮೇಡಂ. ನಾನು ಐದಾರು ವರ್ಷ ನಂಬಿ ಕೆಟ್ಟಿದ್ದೇನೆ. ಈ ಸಾಲು ಓದಿ: 'ಗಿಬ್ಬನು ಮುಂಜಾನೆ ಟಮರಿಯನ್ನು ಸೊಪ್ಪಳಿಸಿದನು.' ಗಿಬ್ಬನು ಏನನ್ನು ಸೊಪ್ಪಳಿಸಿದನು? ಟಮರಿಯನ್ನು. ಯಾವಾಗ? ಮುಂಜಾನೆ. ಪೂರ್ತಿ ಅಂಕ! ಟಮರಿ ತಿನ್ನೋದಾ, ಉಡೋದಾ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. 'ಏನನ್ನು' ಅಂದರೆ 'ಅನ್ನು' ಇರುವ ಪದ ಹುಡುಕು, 'ಎಲ್ಲಿ' ಅಂದರೆ 'ಅಲ್ಲಿ' ಇರುವ ಪದ ಹುಡುಕು. ಮಕ್ಕಳು ಜಾಣರು, ಈ ಉಪಾಯ ಬೇಗ ಕಲಿತುಬಿಡುತ್ತಾರೆ.

ಮೊದಲು ತೊಡಕು ಎಲ್ಲಿದೆ ನೋಡಿ. ಅವರು ಓದಿರದ, ಅದೇ ಮಟ್ಟದ ಕಥೆಯೊಂದನ್ನು ನೀವೇ ಓದಿ ಹೇಳಿ, ಆಮೇಲೆ ಪ್ರಶ್ನೆ ಕೇಳಿ. ಕೇಳಿದಾಗ ಅರ್ಥವಾಗಿ, ತಾವೇ ಓದಿದಾಗ ಆಗದಿದ್ದರೆ ಅಕ್ಷರ ಕೂಡಿಸುವುದರಲ್ಲೇ ಸುಸ್ತಾಗುತ್ತಿದ್ದಾರೆ ಅಂತ. ಕೇಳಿದಾಗಲೂ ಆಗದಿದ್ದರೆ ಆ ಪದಗಳು, ಆ ವಿಷಯವೇ ಅವರಿಗೆ ಹೊಸದು. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಇದನ್ನು ಗುಣಾಕಾರದ ಹಾಗೆ ಹೇಳಿದ್ದರು. ಅಕ್ಷರ ಬಿಡಿಸಿ ಓದುವುದು ಒಂದು, ಮಾತು ಕೇಳಿ ತಿಳಿಯುವುದು ಇನ್ನೊಂದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಗುಣಲಬ್ಧ ಸೊನ್ನೆ. ನಿಮ್ಮಲ್ಲಿ ಎರಡನೆಯದೇ ಕಡಿಮೆ ಇರಬೇಕು.

ಕನ್ನಡದಲ್ಲಿ ಇನ್ನೊಂದು ಪೇಚಿದೆ. ಯಾರು ಅನ್ನೋದನ್ನೇ ನಾವು ಎಷ್ಟೋ ಸಲ ಬಿಟ್ಟು ಬರೆಯುತ್ತೇವೆ. 'ಚೀಲ ಎಸೆದು ರವಿ ಹೊರಗೆ ಓಡಿದ. ಅಮ್ಮ ಕೂಗಿದಳು. ಕೇಳಿಸಲಿಲ್ಲ.' ಯಾರಿಗೆ ಕೇಳಿಸಲಿಲ್ಲ? ನನ್ನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳು 'ಅಮ್ಮನಿಗೆ' ಅಂದರು. ಹಿಂದಿನ ಸಾಲಿನಲ್ಲಿ ಅಮ್ಮ ಇದ್ದಾಳಲ್ವಾ, ಅದಕ್ಕೇ! ಇದೂ ಒಂದು ಪ್ರಶ್ನೆಯಾಗಬಹುದು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಈಗ ಓದಿನ ನಡುವೆ ನಿಲ್ಲಿಸಿ 'ಯಾರು? ಯಾರಿಗೆ?' ಅಂತ ಕೇಳುತ್ತೇನೆ. ಒಂದು ಪುಟಕ್ಕೆ ಎರಡು ಸಲ ಸಾಕು, ಜಾಸ್ತಿಯಾದರೆ ಕಥೆಯ ರುಚಿ ಕೆಡುತ್ತದೆ.

ನಾಳೆಯೇ ಮಾಡಿ ನೋಡಬಹುದಾದ್ದು: 'ಮರದ ಹಿಂದೆ ಅಡಗಿದ್ದ ಬೆಕ್ಕಿನ ಬಾಲ ಮಾತ್ರ ಕಾಣುತ್ತಿತ್ತು' ಅಂತ ಬೋರ್ಡ್ ಮೇಲೆ ಬರೆದು, ಸುಮ್ನೆ ಚಿತ್ರ ಬಿಡಿಸಲು ಹೇಳಿ. ಬೇರೇನೂ ಹೇಳಬೇಡಿ.

*

ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅರ್ಥವಾಗಿಲ್ಲ ಅನ್ನೋದೇ ಮಕ್ಕಳಿಗೆ ಗೊತ್ತಾಗುವುದಿಲ್ಲ. 1979ರಲ್ಲಿ ಎಲೆನ್ ಮಾರ್ಕ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳಿಗೆ ಮೀನುಗಳ ಬಗ್ಗೆ ಒಂದು ಬರಹ ಓದಿ ಹೇಳಿದರು. ಸಮುದ್ರದ ತಳದಲ್ಲಿ ಬೆಳಕೇ ಇಲ್ಲ ಅಂತ ಒಂದು ಕಡೆ. ಅಲ್ಲಿನ ಮೀನುಗಳು ಆಹಾರವನ್ನು ಬಣ್ಣ ನೋಡಿ ಗುರುತಿಸುತ್ತವೆ ಅಂತ ಇನ್ನೊಂದು ಕಡೆ. ಆರನೇ ತರಗತಿಯವರಲ್ಲೂ ಎಷ್ಟೋ ಮಕ್ಕಳು ಇದನ್ನು ಗಮನಿಸಲೇ ಇಲ್ಲ. ಇದು ಗೊತ್ತಾದಾಗಿನಿಂದ ನಾನೂ ವಾರಕ್ಕೊಮ್ಮೆ 'ಟೀಚರ್ ತಪ್ಪು ಹಿಡಿಯಿರಿ' ಆಟ ಆಡಿಸುತ್ತೇನೆ. ಕಥೆ ಓದುವಾಗ ನಡುವೆ ಒಂದು ಅಸಂಬದ್ಧ ಸಾಲು ತೂರಿಸುವುದು. ಯಾವಾಗಲೂ ಬಾಯಿ ಬಿಡದ ಮಗುವೂ ಎದ್ದು ನಿಂತು 'ಸುಳ್ಳು ಸುಳ್ಳು' ಅಂತ ಕೂಗುತ್ತದೆ.

*

ಸರದಿ ಪ್ರಕಾರ ಒಬ್ಬೊಬ್ಬರಿಂದ ಒಂದೊಂದು ಸಾಲು ಓದಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ನಾನು ಚಿಕ್ಕವಳಿದ್ದಾಗ ನನ್ನ ಸಾಲು ಯಾವುದು ಅಂತ ಎಣಿಸಿಕೊಂಡು ಕೂರುತ್ತಿದ್ದೆ. ಉಳಿದ ಕಥೆ ಯಾರಿಗೆ ಬೇಕಿತ್ತು!

*

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಕ್ಕಿನ ಸಾಲು ಕೊಟ್ಟೆ. 28 ಮಕ್ಕಳಲ್ಲಿ 19 ಜನ ಮರದ ಪಕ್ಕದಲ್ಲಿ ಇಡೀ ಬೆಕ್ಕನ್ನು ನಿಲ್ಲಿಸಿದ್ದಾರೆ, ಮೀಸೆ ಸಮೇತ. ಯಾವಾಗಲೂ ತಡವರಿಸಿ ಓದುವ ಒಬ್ಬ ಹುಡುಗ ಮಾತ್ರ ಮರ ಬರೆದು, ಬದಿಗೊಂದು ಡೊಂಕು ಗೆರೆ ಎಳೆದು, ತಂದು ತೋರಿಸಿದ. 'ಬೆಕ್ಕೆಲ್ಲೋ?' ಅಂದೆ. 'ಹಿಂದೆ ಇದೆ ಮಿಸ್, ನಿಮಗೆ ಕಾಣಲ್ಲ' ಅಂದ.