ವೀಲ್‌ಚೇರ್ ಬಳಸುವ ಮದುಮಗಳಿಗೆ ಧಾರೆ ಸೀರೆ: ಯಾವುದು ಕೊಳ್ಳೋದು, ಹೇಗೆ ಉಡಿಸೋದು?

ತುಂಗಾತೀರ:

ತಂಗಿಯ ಮದುವೆ ಬರೋ ವೈಶಾಖಕ್ಕೆ. ಬೆನ್ನುಹುರಿಗೆ ಪೆಟ್ಟಾಗಿದೆ, ಟಿ10 ಮಟ್ಟ. ಹೊಕ್ಕುಳಿಂದ ಕೆಳಗೆ ಚಲನೆಯೂ ಇಲ್ಲ, ಮುಟ್ಟಿದ್ದೂ ಗೊತ್ತಾಗಲ್ಲ. ಕೈಗೆ ಒಳ್ಳೇ ಬಲ ಇದೆ, ಚೇರನ್ನು ತಾನೇ ತಳ್ಳಿಕೊಂಡು ಓಡಾಡ್ತಾಳೆ. ಸೀಟಿನ ಅಗಲ 16 ಇಂಚು, ಆರ್ಮ್‌ರೆಸ್ಟ್ ಇಲ್ಲ, ಸೈಡ್ ಗಾರ್ಡ್ (ಬಟ್ಟೆ ಚಕ್ರಕ್ಕೆ ತಾಗದ ಹಾಗೆ ಪಕ್ಕದಲ್ಲಿರೋ ತಟ್ಟೆ) ಇದೆ.

ನೆಂಟರೆಲ್ಲ "ಗೌನ್ ಹಾಕಿಸಿಬಿಡಿ, ರಗಳೆ ಇಲ್ಲ" ಅಂತಿದ್ದಾರೆ. ಅವಳಿಗೆ ರೇಷ್ಮೆ ಸೀರೆಯೇ ಆಗಬೇಕು. ಅಮ್ಮನದು ಒಂದು ಷರತ್ತು: ಧಾರೆ ಸೀರೆಗೆ ಕತ್ತರಿ ಹಾಕೋ ಹಾಗಿಲ್ಲ.

ಕಾಂಚೀಪುರಂ ತಗೊಳ್ಳೋದೋ, ಮೈಸೂರು ಸಿಲ್ಕೋ? ಕತ್ತರಿಸದೆ ಉಡಿಸೋದು ಹೇಗೆ? ರವಿಕೆಗೆ ಟೈಲರ್ ಹತ್ತಿರ ಏನು ಹೇಳಬೇಕು? ಚಿಕ್ಕಪೇಟೆಗೆ ಅವಳನ್ನೂ ಕರೆದುಕೊಂಡು ಹೋಗಬಹುದಾ? ಆರತಕ್ಷತೆಗೆ ಲೆಹೆಂಗಾ ಅಂತಿದ್ದಾಳೆ, ಅದರ ಬಗ್ಗೆಯೂ ತಿಳಿದವರು ಹೇಳಿ.

ಸೂಜಿಮೊನೆ:

ಅಂಗಡಿ ಆಮೇಲೆ, ಮೊದಲು ಟೇಪು ಹಿಡೀರಿ. ಎಲ್ಲ ಅಳತೆಯೂ ಅವರದೇ ಚೇರಲ್ಲಿ, ದಿನಾ ಬಳಸೋ ಕುಶನ್ ಮೇಲೆ, ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತಾಗಲೇ ಆಗಬೇಕು. ಮಲಗಿಸಿ ತಗೊಂಡ ಅಳತೆ ಕೆಲಸಕ್ಕೆ ಬರಲ್ಲ. ಕೂತಾಗ ಮುಂದುಗಡೆ ಸೊಂಟ ಮಡಿಚಿಕೊಂಡು ಗಿಡ್ಡ ಆಗುತ್ತೆ, ಹಿಂದುಗಡೆ ಬೆನ್ನು ಬಾಗಿ ಉದ್ದ ಆಗುತ್ತೆ. ನಿಂತವರ ಬಟ್ಟೆ ಕೂತವರಿಗೆ ಹೊಟ್ಟೆ ಹತ್ತಿರ ಉಬ್ಬಿ, ಬೆನ್ನ ಹತ್ತಿರ ಕೆಳಗಿಳಿಯೋದು ಇದಕ್ಕೇ.

ಈಗ ಲೆಕ್ಕ. ಸೀರೆಯ ಅಗಲ 45ರಿಂದ 48 ಇಂಚು. ಕೂತವರಿಗೆ ಸೊಂಟದಿಂದ ಮಂಡಿ, ಮಂಡಿಯಿಂದ ಪಾದದ ಮೇಲ್ಭಾಗ ಅಳೆದರೆ ಸಾಮಾನ್ಯವಾಗಿ 34–36 ಇಂಚಿಗೆ ಮುಗಿಯುತ್ತೆ. ಮಿಕ್ಕ ಹತ್ತು ಹನ್ನೆರಡು ಇಂಚನ್ನು ಸೊಂಟಕ್ಕೆ ತುರುಕಿದರೆ ಹೊಟ್ಟೆ ಮೇಲೆ ಬಟ್ಟೆಯ ಗಂಟು, ಕೆಳಗೆ ಬಿಟ್ಟರೆ ಮುಂದಿನ ಪುಟ್ಟ ಚಕ್ರಕ್ಕೆ ಆಹುತಿ. ಆದ್ದರಿಂದ ಮೇಲಿನ ಅಂಚನ್ನು ಅಷ್ಟು ಇಂಚು ಒಳಕ್ಕೆ ಮಡಿಚಿ, ತೊಡೆಯ ಮೇಲೆ ಎರಡು ಪದರ ಚಪ್ಪಟೆಯಾಗಿ ಕೂರೋ ಹಾಗೆ ಕಚ್ಚಾ ಹೊಲಿಗೆ ಹಾಕಿ. ಕೆಳಗಿನ ಜರಿ ಅಂಚು ಪಾದದ ಮೇಲೆ ನಿಲ್ಲಬೇಕು, ಫುಟ್‌ರೆಸ್ಟ್ ದಾಟಿ ಇಳೀಬಾರದು.

ಅಮ್ಮನ ಷರತ್ತಿಗೆ ಉತ್ತರ ಇದೆ. ಸೀರೆಯನ್ನು ಸೊಂಟದ ಸುತ್ತ ಪೂರ್ತಿ ಸುತ್ತಿಸಲೇಬೇಡಿ. ಕೂತವರ ಕೆಳಗಿರೋ ಸೀರೆ ಯಾರಿಗೂ ಕಾಣಲ್ಲ, ಸುಕ್ಕುಗಟ್ಟಿ ಒತ್ತೋದು ಬಿಟ್ಟರೆ ಅದರಿಂದ ಏನೂ ಆಗಬೇಕಿಲ್ಲ. ಮುಂದೆ ಕಟ್ಟೋ ಏಪ್ರನ್ ಥರ ಉಡಿಸಿ. ಒಳಗೆ ಸೀರೆಯದೇ ಬಣ್ಣದ ಮೆತ್ತನೆ ಹತ್ತಿ ಲಂಗ, ಲಾಡಿ ಬೇಡ, 2 ಇಂಚಿನ ಅಗಲದ ಎಲಾಸ್ಟಿಕ್ ಸಾಕು. ಲಂಗದ ಎಡಬಲ ಪಕ್ಕದಲ್ಲಿ ವೆಲ್ಕ್ರೋದ ಮೆತ್ತನೆ ಭಾಗ. ಒರಟು ಭಾಗವನ್ನು 2 ಇಂಚಿನ ಹತ್ತಿ ಪಟ್ಟಿಗೆ ಹೊಲಿದು, ಆ ಪಟ್ಟಿಯನ್ನು ಸೀರೆಯ ಮಡಿಕೆಯ ಒಳಗೆ ಕೈಯಲ್ಲಿ ಟಾಕಿ. ಮದುವೆ ಮುಗಿದ ಮೇಲೆ ದಾರ ಬಿಚ್ಚಿದರೆ ಸೀರೆ ಇದ್ದ ಹಾಗೇ ಇರುತ್ತೆ. ರೇಷ್ಮೆಗೆ ನೇರವಾಗಿ ವೆಲ್ಕ್ರೋ ಹೊಲೀಬೇಡಿ, ಎಳೆದಾಗ ನೂಲು ಕೀಳುತ್ತೆ.

ರವಿಕೆ ಬಟ್ಟೆ ತೆಗೆದರೆ ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ 216 ಇಂಚು. ಎಡ ಸೊಂಟದಿಂದ ಬಲ ಸೊಂಟದವರೆಗೆ ಮುಂದುಗಡೆ ಮುಚ್ಚೋಕೆ 44. 5 ಇಂಚಿನ ನಾಲ್ಕು ನೆರಿಗೆಗೆ 40. ಬೆನ್ನ ಹಿಂದಿಂದ ಬಳಸಿ ಎದೆ ಮೇಲೆ ಹಾದು ಹೆಗಲು ಮುಟ್ಟೋಕೆ ಸುಮಾರು 52, ಸೆರಗಿಗೆ 40. ಒಟ್ಟು 176. ಉಳಿದ 40 ಇಂಚು ಬೇರೆಯವರಿಗೆ ಒಳಸುತ್ತಿಗೆ ಹೋಗೋದು, ಇಲ್ಲಿ ಶುರುವಿನ ತುದಿಯಲ್ಲೇ ಒಳಕ್ಕೆ ಮಡಿಚಿ ತೊಡೆಯ ಮೇಲೆ ಹಾಸಿಬಿಡಿ. ಬೆನ್ನ ಹಿಂದೆ ಹಾಯೋ ಭಾಗವನ್ನು ಮಾತ್ರ ಉದ್ದುದ್ದಕ್ಕೆ ಮಡಿಚಿ ಒಂದಡಿ ಅಗಲದ ಪಟ್ಟಿ ಮಾಡಿಕೊಳ್ಳಿ. ಅದು ಬೆನ್ನಿಗೂ ಬ್ಯಾಕ್‌ರೆಸ್ಟಿಗೂ ನಡುವೆ ಕೂರುತ್ತೆ, ಕುಶನ್ ಮೇಲೆ ಇಳಿಯಲ್ಲ.

ನೆರಿಗೆಯನ್ನು ಎರಡು ಮಂಡಿಯ ನಡುವೆ ಬಿಟ್ಟರೆ ಆ ಹಳ್ಳಕ್ಕೆ ಬಿದ್ದು ಬಾಯಿಬಿಡುತ್ತೆ. ಎಡ ತೊಡೆಯ ಮೇಲೆ ಬರಲಿ. ಮೇಲೆ ಒಂದು ಟಾಕು, ಮಂಡಿಯಿಂದ ಒಂದು ಗೇಣು ಕೆಳಗೆ ಒಳಗಡೆಯಿಂದ ಇನ್ನೊಂದು ಟಾಕು. ಸೊಂಟದ ಕೆಳಗೆ ಒಂದೇ ಒಂದು ಸೇಫ್ಟಿ ಪಿನ್ನೂ ಬೇಡ. ಬಿಚ್ಚಿಕೊಂಡು ಚುಚ್ಚಿದರೆ ಅವರಿಗೆ ಗೊತ್ತಾಗೋದೇ ಇಲ್ಲ.

ಸೆರಗನ್ನು ಎಡ ಹೆಗಲಿಂದ ಹಿಂದಕ್ಕೆ ಬಿಟ್ಟರೆ ನೇರ ದೊಡ್ಡ ಚಕ್ರದ ಕಡ್ಡಿಗಳಿಗೇ ಹೋಗುತ್ತೆ. ಕೊಡವರ ಉಡುಗೆಯ ಅರ್ಧವನ್ನು ಸಾಲ ತಗೊಳ್ಳಿ. ಅವರಲ್ಲಿ ಸೆರಗು ಎಡ ಕಂಕುಳ ಕೆಳಗಿಂದ ಎದೆ ಮೇಲೆ ಬಂದು ಬಲ ಹೆಗಲಲ್ಲಿ ಬಿಗಿಯಾಗಿ ನಿಲ್ಲುತ್ತೆ, ಹಿಂದೆ ನೇತಾಡೋದು ಏನೂ ಇಲ್ಲ. ಆದರೆ ಅವರ ನೆರಿಗೆ ಬೆನ್ನ ಹಿಂದೆ ಬರುತ್ತೆ, ಅದು ಇಲ್ಲಿ ಖಂಡಿತ ಬೇಡ. ನೆರಿಗೆ ಮುಂದೆ, ಸೆರಗು ಕೊಡಗಿನದು. ಹೀಗೆ ಮಾಡುವಾಗ ಶುರು ಬಲ ಸೊಂಟದಿಂದಲ್ಲ, ಎಡದಿಂದ. ಬಲಕ್ಕೆ ಹೋಗಿ ಬೆನ್ನು ಬಳಸಿ ಎಡ ಕಂಕುಳಿಗೆ ಬರಬೇಕಲ್ಲ. ಉಡಿಸೋರು ಅಭ್ಯಾಸಬಲದಿಂದ ತಪ್ಪೋದು ಇಲ್ಲೇ. ಸೆರಗಿನ ಚಿತ್ತಾರ ಕಾಣಬೇಕು ಅಂದರೆ ಹೆಗಲಿಂದ ಮುಂದಕ್ಕೆ ಇಳಿಬಿಟ್ಟು ಮಡಿಲ ಮೇಲೆ ಹರಡಿ. ಕೂತವರ ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳೋದೇ ಆ ಜಾಗ. ಕುಚ್ಚು ಒಂದು ಇಂಚಿಗಿಂತ ಉದ್ದ ಬೇಡ, ಬ್ರೇಕ್ ಹಿಡಿಗೆ ಸುತ್ತಿಕೊಳ್ಳುತ್ತೆ.

ರವಿಕೆಗೆ ಎರಡು ಮಾತು. ಎರಡೂ ಕೈ ಚಕ್ರದ ಮೇಲಿಟ್ಟು, ಮುಂದಕ್ಕೆ ಚಾಚಿದಾಗ ಬೆನ್ನಿನ ಅಗಲ ತಗೋಬೇಕು. ಸುಮ್ಮನೆ ಕೂತ ಅಳತೆಗಿಂತ ಒಂದೂವರೆ ಇಂಚು ಹೆಚ್ಚು ಬರುತ್ತೆ. ಕಂಕುಳ ಕಟಿಂಗ್ ಮೇಲಕ್ಕಿರಲಿ, ಅಲ್ಲಿ ವಜ್ರಾಕಾರದ ಒಂದು ತುಂಡು ಸೇರಿಸಿದರೆ ತಳ್ಳುವಾಗ ಹರಿಯಲ್ಲ. ಹುಕ್ಕು ಮುಂದೆ. ಮಗ್ಗಂ ವರ್ಕು ಕತ್ತಿಗೂ ತೋಳಿನ ಹೊರಮೈಗೂ ಸಾಕು. ಬೆನ್ನ ಮೇಲೆ ಮಣಿ, ಕುಂದನ್ ಹಾಕಿದರೆ ಬ್ಯಾಕ್‌ರೆಸ್ಟಿಗೆ ಒತ್ತಿ ಚರ್ಮಕ್ಕೆ ಅಚ್ಚು ಬೀಳುತ್ತೆ. ತೋಳಿನ ಒಳಮೈಗೆ ಹಾಕಿದರೆ ಪ್ರತಿ ತಳ್ಳಿಗೂ ಪಕ್ಕೆ ಉಜ್ಜುತ್ತೆ.

ಬಟ್ಟೆ ಯಾವುದು ಅಂದರೆ, ನನ್ನ ಓಟು ಮೈಸೂರು ಸಿಲ್ಕಿಗೆ, ಅಂದರೆ ಕ್ರೇಪಿಗೆ. ಹುರಿ ಹೆಚ್ಚು ಕೊಟ್ಟ ನೂಲಿಂದ ನೇಯೋದರಿಂದ ಮೈಗೆ ಬೀಳುತ್ತೆ, ತೊಡೆಯ ಮೇಲೆ ಡೇರೆ ಥರ ಎದ್ದು ನಿಲ್ಲಲ್ಲ. ತೂಕವೂ ಅರ್ಧ ಕೆಜಿ ಆಸುಪಾಸು. ಭಾರೀ ಅಂಚಿನ ಕಾಂಚೀಪುರಂ ಒಂದು ಕೆಜಿ ಮುಟ್ಟುತ್ತೆ, ಮಡಿಚಿದ ಜಾಗದಲ್ಲಿ ಜರಿ ಹಲಗೆ ಹಾಗೆ ನಿಲ್ಲುತ್ತೆ.

ಥೆರಪಿ_ಮೇಷ್ಟ್ರು:

ಸೂಜಿಮೊನೆಯವರು ಹೇಳಿದ್ದು ಬಹುಪಾಲು ಸರಿ. ಕ್ರೇಪಿನ ಮಾತಿಗೆ ಒಂದು ತಿದ್ದುಪಡಿ. ಕ್ರೇಪ್ ಜಾರುತ್ತೆ. ಅದು ಕುಶನ್ ಮೇಲೆ ಬಂದರೆ ಸೊಂಟ ನಿಧಾನವಾಗಿ ಮುಂದಕ್ಕೆ ಸರಿದು, ಬಾಲದ ಮೂಳೆ ಮೇಲೆ ಭಾರ ಬೀಳುತ್ತೆ. ಏಪ್ರನ್ ವಿಧಾನದಲ್ಲಿ ಕೆಳಗೆ ಹತ್ತಿ ಲಂಗ ಮಾತ್ರ ಇರೋದರಿಂದ ಈ ತೊಂದರೆ ತಪ್ಪುತ್ತೆ, ಆದರೆ ಉಡಿಸೋರು ಕೊನೇ ಗಳಿಗೆಯಲ್ಲಿ "ಚೆಂದ ಕಾಣಲ್ಲ" ಅಂತ ತೊಡೆಯ ಕೆಳಗೆ ಸಿಕ್ಕಿಸಿಬಿಡ್ತಾರೆ. ಅದಕ್ಕೆ ಬಿಡಬೇಡಿ. ಪಕ್ಕದಲ್ಲಿ ಮಿಕ್ಕಿದ್ದನ್ನು ತೊಡೆಗೂ ಸೈಡ್ ಗಾರ್ಡಿಗೂ ನಡುವೆ ಇಳಿಸಬೇಕು, ಅಷ್ಟೇ.

ಹಾಗೇ "ಮದುವೆ ದಿನ ಚೆಂದ ಕಾಣಲಿ" ಅಂತ ಕುಶನ್ ತೆಗೆದು ಮಂಟಪದ ಸೋಫಾ ಮೇಲೆ ಕೂರಿಸಬೇಡಿ. ಬೇಕಿದ್ದರೆ ಕುಶನ್ನಿಗೆ ಸೀರೆ ಬಣ್ಣದ ಹಿಗ್ಗುವ ಬಟ್ಟೆಯ ಕವರ್ ಹೊಲಿಸಿ. ಬಿಗಿಯಾದ, ಹಿಗ್ಗದ ಕವರ್ ಹಾಕಿದರೆ ಒಳಗಿನ ಗಾಳಿ ಅಥವಾ ಜೆಲ್ ಕೆಲಸ ಮಾಡಲ್ಲ.

ಹದಿನೈದು ದಿನ ಮುಂಚೆ ಪೂರ್ತಿ ಅಲಂಕಾರದಲ್ಲಿ ಎರಡು ಗಂಟೆ ಕೂರಿಸಿ ನೋಡಿ. ಆಮೇಲೆ ಮಲಗಿಸಿ ಪೃಷ್ಠ, ಬಾಲದ ಮೂಳೆ, ತೊಡೆಯ ಹಿಂಭಾಗ, ಸೊಂಟದ ಎಲಾಸ್ಟಿಕ್ ಸಾಲು ಪರೀಕ್ಷಿಸಿ. ಕೆಂಪಾಗಿದ್ದು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಅಲ್ಲಿ ಏನೋ ಒತ್ತುತ್ತಿದೆ. ಲಂಗದ ಹಿಂದಿನ ಹೊಲಿಗೆ ಎಷ್ಟೋ ಸಲ ಕಾರಣ, ಅದನ್ನು ಪಕ್ಕಕ್ಕೆ ತಿರುಗಿಸಿ. ಮದುವೆ ದಿನವೂ 15–30 ನಿಮಿಷಕ್ಕೊಮ್ಮೆ ಮೈ ಎತ್ತೋದು, ಇಲ್ಲವೇ ಮುಂದಕ್ಕೆ ಬಾಗೋದು ತಪ್ಪಬಾರದು. ಶಾಸ್ತ್ರದ ನಡುವೆ ಮರೆತುಹೋಗುತ್ತೆ, ಪಕ್ಕದಲ್ಲಿ ಕೂರೋ ಒಬ್ಬರಿಗೆ ಗಡಿಯಾರ ನೋಡೋ ಕೆಲಸ ಕೊಡಿ.

ಇನ್ನು ಧಾರೆ. ತೆಂಗಿನಕಾಯಿ ಮೇಲೆ ಹಾಲು, ನೀರು ಎರೆದಾಗ ಅದು ಇಳಿಯೋದು ಕೂತವರ ಮಡಿಲಿಗೇ. ಒದ್ದೆ ಬಟ್ಟೆ ಅಡಿಗೆ ಸೇರಿ ಗಂಟೆಗಟ್ಟಲೆ ಉಳಿದರೆ ಚರ್ಮ ಮೆತ್ತಗಾಗಿ ಹುಣ್ಣಾಗುತ್ತೆ. ಮಡಿಲ ಮೇಲೆ ಅಂಚು ಎತ್ತರದ ಅಗಲ ಹರಿವಾಣ ಇಡಿ, ಸೀರೆಗೂ ಲಂಗಕ್ಕೂ ನಡುವೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ, ಮಂಡಿ ಕಡೆಗೆ ಇಳಿಜಾರಾಗಿ. ಬದಲಿ ಲಂಗ ಒಂದು ಕೋಣೆಯಲ್ಲಿ ಸಿದ್ಧ ಇರಲಿ.

ಗಾಜಿನ ಬಳೆ ಯಾರ ತಲೆಗೂ ಹೊಳೆಯಲ್ಲ. ಬಳೆ ಶಾಸ್ತ್ರಕ್ಕೆ ತೊಡಿಸಿದ ಹಸಿರು ಬಳೆ ಚೇರ್ ತಳ್ಳುವಾಗ ಮಣಿಕಟ್ಟಿಗೆ ಜಾರಿ, ಚಕ್ರ ತಳ್ಳೋಕೆ ಹಿಡಿಯೋ ಹೊರಸುತ್ತಿನ ಹ್ಯಾಂಡ್‌ರಿಮ್ಮಿಗೆ ಬಡಿಯುತ್ತೆ. ಒಡೆದ ಚೂರು ಬೀಳೋದು ಸ್ಪರ್ಶ ಇಲ್ಲದ ತೊಡೆಯ ಮೇಲೆ ಅಥವಾ ಕುಶನ್ ಮೇಲೆ, ಗಾಳಿ ತುಂಬಿದ ಕುಶನ್ ಆದರೆ ಅದೂ ತೂತು. ಜಾರದಷ್ಟು ಬಿಗಿ ಅಳತೆಯದು ತೊಡಿಸಿ, ಬಳೆ ಕೈಲಿರೋ ಹೊತ್ತು ಬೇರೆಯವರು ತಳ್ಳಲಿ. ಮೆಹಂದಿಗೂ ಅದೇ ಮಾತು: ಹಾಕಿದ ಮೇಲೆ ತಾನೇ ತಳ್ಳಿದರೆ ಅಂಗೈ ಚಿತ್ರ ಹ್ಯಾಂಡ್‌ರಿಮ್ಮಿಗೆ ವರ್ಗ. ಡಾಬು ಬೇಡ, ಕೂತಾಗ ಹೊಟ್ಟೆಗೆ ಒತ್ತುತ್ತೆ.

ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರ ಮನೆಯವರು ಇದನ್ನು ಓದ್ತಿದ್ದರೆ ಇನ್ನೊಂದು ಮಾತು. ಬಿಗಿ ಬಟ್ಟೆ, ಸುಕ್ಕು, ಮಡಿಚಿಕೊಂಡ ಮೂತ್ರದ ಕೊಳವೆ, ಇಷ್ಟರಿಂದಲೇ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿತ, ಮುಖ ಕೆಂಪಾಗೋದು, ಬೆವರು ಕಂಡರೆ ನೇರ ಕೂರಿಸಿ, ಬಿಗಿ ಇರೋದೆಲ್ಲ ಸಡಿಲಿಸಿ, ಕೊಳವೆ ನೋಡಿ, ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಅಂಥವರಿಗೆ ಉಡುಪು ಒಂದೇ ಎಳೆತಕ್ಕೆ ಬಿಚ್ಚೋ ಹಾಗಿರಬೇಕು.

ಪೇಟೆಬೀದಿ:

ಚಿಕ್ಕಪೇಟೆಗೆ ಕರೆದುಕೊಂಡು ಹೋಗೋದು ಕಷ್ಟ ಅಲ್ಲ, ಒಳಗೆ ಹೋಗೋದು ಕಷ್ಟ. ಹಸಿರು ಮಾರ್ಗದ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಲಿಫ್ಟ್ ಇದೆ, ಮೇಲೆ ಬರೋವರೆಗೆ ಚಿಂತೆ ಇಲ್ಲ. ಆಮೇಲೆ ಗಲ್ಲಿ, ಕೈಗಾಡಿ, ಮೂಟೆ ಹೊತ್ತವರು. ಹಳೇ ಸೀರೆ ಅಂಗಡಿ ಎಷ್ಟೋ ಮಹಡಿ ಮೇಲೆ, ಕಡಿದಾದ ಮೆಟ್ಟಿಲು, ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿ. ಚಪ್ಪಲಿ ಬಿಟ್ಟು ನೆಲದಲ್ಲಿ ಕೂರೋ ಪದ್ಧತಿ. ಅಲ್ಲಿ ವೀಲ್‌ಚೇರ್ ಹತ್ತಿಸೋ ಮಾತೇ ಇಲ್ಲ.

ಫೋನಿನಲ್ಲಿ "ವೀಲ್‌ಚೇರ್ ಬರುತ್ತಾ?" ಅಂತ ಕೇಳಬೇಡಿ, ಎಲ್ಲರೂ "ಬನ್ನಿ ಮೇಡಂ, ಹುಡುಗರು ಎತ್ತುತ್ತಾರೆ" ಅಂತಾರೆ. ಹೀಗೆ ಕೇಳಿ: ಬಾಗಿಲಲ್ಲಿ ಎಷ್ಟು ಮೆಟ್ಟಿಲು, ಒಂದೊಂದು ಎಷ್ಟು ಎತ್ತರ? ಲಿಫ್ಟಿನ ಬಾಗಿಲು ಎಷ್ಟು ಅಗಲ? ರೇಷ್ಮೆ ವಿಭಾಗ ಯಾವ ಮಹಡಿ? ಟ್ರಯಲ್ ರೂಮಲ್ಲಿ ಚೇರ್ ತಿರುಗುತ್ತಾ? 16 ಇಂಚಿನ ಸೀಟು ಅಂದರೆ ಚಕ್ರ ಸೇರಿ ಒಟ್ಟು ಅಗಲ 24 ಇಂಚಿನ ಹತ್ತಿರ, ಅಳೆದು ಇಟ್ಟುಕೊಳ್ಳಿ. ಮಡಚೋ ರ್‍ಯಾಂಪ್ ಒಯ್ಯೋದಾದರೆ ಲೆಕ್ಕ 1:12, ಅರ್ಧ ಅಡಿ ಮೆಟ್ಟಿಲಿಗೆ ಆರು ಅಡಿ ರ್‍ಯಾಂಪ್. ಎರಡು ಅಡಿಯ ಹಲಗೆ ಹಾಕಿ ತಳ್ಳಿದರೆ ಚೇರ್ ಹಿಂದಕ್ಕೆ ಮಗುಚುತ್ತೆ.

ಮಂಗಳವಾರ ಬುಧವಾರ ಬೆಳಗ್ಗೆ ಅಂಗಡಿ ತೆರೆದ ತಕ್ಷಣ ಹೋಗಿ, ಜನ ಕಡಿಮೆ. ಮೈಸೂರು ಸಿಲ್ಕ್ ಆದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ಮಳಿಗೆಯಲ್ಲೇ ನೋಡಿ. ಜರಿಯಲ್ಲಿ 65% ಬೆಳ್ಳಿ, 0.65% ಚಿನ್ನ ಅಂತ ಅವರೇ ಹೇಳೋದು, ಸೀರೆಗೊಂದು ಸಂಖ್ಯೆ ಇರುತ್ತೆ. ಬೇರೆ ಅಂಗಡಿಯಲ್ಲಿ ಶುದ್ಧ ರೇಷ್ಮೆ ಅಂತ ಖಾತ್ರಿ ಕೊಡೋ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಅಂಗಡಿಯವರು ಹೆಗಲ ಮೇಲೆ ಹಾಕಿ ತೋರಿಸಿದ್ದು ನೋಡಿ ಆರಿಸಬೇಡಿ, ತಂಗಿಯ ಮಡಿಲ ಮೇಲೆ ಹರಡಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಅಗಲ ಅಂಚು ತಗೊಂಡರೆ ಮಂಡಿಯಿಂದ ಪಾದದವರೆಗೆ ಬರೀ ಅಂಚೇ ಕಾಣುತ್ತೆ, ಒಡಲ ಬಣ್ಣ ಮಾಯ. ನಾಲ್ಕು ಇಂಚಿನೊಳಗಿನ ಅಂಚು ಚೆನ್ನಾಗಿ ಕೂರುತ್ತೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. "ಬಿಚ್ಚಿದರೆ ಸೀರೆ ಇದ್ದ ಹಾಗೇ" ಅನ್ನೋದನ್ನು ಓದಿ ಹೇಳಿದ ಮೇಲೆ ಅಮ್ಮ ಒಪ್ಪಿದರು. ಎರಡು ಉಳಿದಿವೆ. ಲೆಹೆಂಗಾ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ ಫಾಲ್ ಹಾಕಿಸಬೇಕಾ?

ಸೂಜಿಮೊನೆ:

ಫಾಲ್ ಬೇಡ. ಅದು ನೆರಿಗೆಗೆ ತೂಕ ಕೊಟ್ಟು ನೆಲಕ್ಕೆ ಎಳೆಯೋಕೆ ಇರೋದು. ಇಲ್ಲಿ ಮಂಡಿ ಮೇಲಿಂದ ಅಂಚು ಮುಂದಕ್ಕೆ ಜಾರಿಸುತ್ತೆ, ಮೇಲಾಗಿ ಅಂಚು ಬಿರುಸಾಗುತ್ತೆ.

ಲೆಹೆಂಗಾ ಹೊಲಿಸೋದೇ ಆದರೆ ಒಳಗಿಂದ ಉಬ್ಬಿಸೋ ಬಿರುಸು ನೆಟ್ಟಿನ ಪದರ, ಅಂದರೆ ಕ್ಯಾನ್‌ಕ್ಯಾನ್ ಹಾಕಿಸಬೇಡಿ, ಎರಡೂ ಪಕ್ಕ ಉಬ್ಬಿ ಚಕ್ರಕ್ಕೆ ಹೋಗುತ್ತೆ. ಘೇರು (ಲಂಗದ ಸುತ್ತಿನ ಹರವು) ಪೂರ್ತಿ ಮುಂದಿನ ಅರ್ಧದಲ್ಲಿ ಇರಲಿ. ಹಿಂದಿನ ಅರ್ಧಕ್ಕೆ ಕಸೂತಿ ಇಲ್ಲದ ಮೆತ್ತನೆ ಹತ್ತಿ ಬಟ್ಟೆ, ಅದೂ ಸೀಟಿನ ಉದ್ದಕ್ಕಷ್ಟೇ. ಸೊಂಟಪಟ್ಟಿ ಹಿಂದುಗಡೆ ಎರಡು ಮೂರು ಇಂಚು ಎತ್ತರ, ಮುಂದುಗಡೆ ಅಷ್ಟೇ ತಗ್ಗು. ಜಿಪ್ ಪಕ್ಕದಲ್ಲಿ, ತೊಡೆಯವರೆಗೆ ತೆರೆಯೋ ಹಾಗೆ, ಬಟ್ಟೆ ಹಾಕೋಕೂ ಸಲೀಸು, ಕೊಳವೆ ನೋಡೋಕೂ ಸಲೀಸು. ಏನೇ ಉಟ್ಟರೂ ಚಕ್ರದ ಕಡ್ಡಿಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಸಿಗುತ್ತೆ, ಕೇಬಲ್ ಟೈ ಹಾಕಿ ಕೂರಿಸಿ. ಟೈ ಬಾಲವನ್ನು ಬುಡಕ್ಕೇ ಕತ್ತರಿಸಿ, ಕೊಂಚ ಉಳಿದರೂ ರೇಷ್ಮೆ ಎಳೆ ಕೀಳೋಕೆ ಅಷ್ಟು ಸಾಕು.