ಚಿಕಿತ್ಸೆಯಲ್ಲಿರುವ ತಂಗಿಗೆ ಕಸೂತಿ: ಎಲ್ಲಿಂದ ಶುರು, ದುಡಿಮೆ ಯಾವಾಗ?

ಪ್ರಶ್ನೆ (ತುಂಗಾತೀರ):
ತಂಗಿಗೆ 38 ವರ್ಷ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಕೈಗೆ ಕೆಲಸ ಇರಲಿ ಎಂದಿದ್ದಾರೆ ವೈದ್ಯರು. ಇಳಕಲ್ ಸೀರೆಯ ಮೇಲೆ ಕಸೂತಿಯ ಗೋಪುರ ಶುರು ಮಾಡಿದಳು. ಮೂರನೇ ದಿನ ವಾಪಸು ಬರುವ ಸಾಲು ಕೂಡಲಿಲ್ಲ, ಪೂರ್ತಿ ಬಿಚ್ಚಿ ಮೂಲೆಗಿಟ್ಟಿದ್ದಾಳೆ. ಕೈ ಸ್ವಲ್ಪ ನಡುಗುತ್ತದೆ. ಮತ್ತೆ ಶುರು ಮಾಡಿಸುವುದು ಹೇಗೆ? ಮುಂದೆ ಇದರಿಂದ ನಾಲ್ಕು ಕಾಸು ಹುಟ್ಟೀತೇ?

ಗವಂತಿ_ಧಾರವಾಡ:
ಇಳಕಲ್ ಸೀರಿ ಮ್ಯಾಲೆ ಮೊದಲ ಪಾಠ ಬ್ಯಾಡ್ರಿ. ಅದರ ಎಳಿ ಭಾಳ ಸಣ್ಣವು. ಒಂದು ಎಳಿ ತಪ್ಪಿದ್ದು ಗೊತ್ತಾಗೂದ ಗೋಪುರದ ತುದಿ ಮುಟ್ಟಿದ ಮ್ಯಾಲೆ. ಬಿಳಿ ಮ್ಯಾಟಿ ಬಟ್ಟಿ (ಎಳಿ ಎಣಿಸಲಿಕ್ಕೆ ಬರೂವಂಥ ದಪ್ಪ ನೇಯ್ಗಿದು) ಅರ್ಧ ಮೀಟರ್, ತುದಿ ಮೊಂಡಾದ 24 ನಂಬರ್ ಸೂಜಿ, ಆರೆಳಿ ಲಡಿಯೊಳಗಿಂದ ಬಿಡಿಸಿದ ಎರಡೆಳಿ ದಾರ ಸಾಕು. ದಾರ ಒಂದು ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ, ತಿಕ್ಕಿ ತಿಕ್ಕಿ ಜುಂಗು ಏಳತದ.

ಮೊದಲು ಗವಂತಿ ಹೊಲಿಗಿ. ಎರಡು ಮನಿ (ನೇಯ್ಗಿಯ ಚೌಕ) ಮ್ಯಾಲೆ, ಎರಡು ಮನಿ ಕೆಳಗ ಹಿಂಗ ಹೋಗೂದು, ತಿರುಗಿ ಬರುವಾಗ ಖಾಲಿ ಜಾಗಾ ತುಂಬೂದು. ಸೂಜಿ ಹಳೇ ತೂತಿನೊಳಗ ಇಳೀಬೇಕು, ಹಳೇ ದಾರ ಸೀಳಬಾರದು. ಸೀಳಿದರ ಸಾಲು ಸೊಟ್ಟ ಆಗತದ, ಬಿಚ್ಚಲಿಕ್ಕೂ ಬರೂದಿಲ್ಲ. ಮೊಂಡ ಸೂಜಿ ಹೇಳಿದ್ದು ಅದಕ್ಕ.

ನಿಮ್ಮ ತಂಗಿಯವರ ಸಾಲು ಕೂಡಲಿಲ್ಲ ಅಂದ್ರ, ಎಣಿಕಿ ತಪ್ಪಿರಬೇಕು, ಇಲ್ಲಾ ಕವಲು ಬಿಟ್ಟು ಮುಂದ ಹೋಗಿರಬೇಕು. ಹೋಗುವಾಗ ಕವಲು ಸಿಕ್ಕರ ಅಲ್ಲೇ ಅದರ ತುದಿತನಕ ಹೋಗಿ, ಖಾಲಿ ತುಂಬಕೋತ ವಾಪಸು ಬಂದು, ಆಮ್ಯಾಲೆ ಮುಖ್ಯ ಸಾಲು ಹಿಡೀಬೇಕು. ಮೊದಲು ಚೌಕುಳಿ ಹಾಳಿ ಮ್ಯಾಲೆ ಪೆನ್ಸಿಲ್‌ನಿಂದ ದಾರಿ ನಡದು ನೋಡಲಿ. ಗಂಟು ಹಾಕಬ್ಯಾಡ್ರಿ, ಎರಡು ಇಂಚು ದಾರ ಬಿಟ್ಟು, ಕಡೀಗೆ ಅದನ್ನ ಹೊಲಿಗಿಯೊಳಗ ಅಡಗಿಸಬೇಕು. ಗವಂತಿ, ಮುರ್ಗಿ ಎರಡೂ ಮಗ್ಗಲು ಒಂದ ನಮೂನಿ ಕಾಣಬೇಕಲ್ಲ. ಮುರ್ಗಿ ಅಂದ್ರ ಇದ ಹೊಲಿಗಿ ಮೆಟ್ಟಲಾಗಿ ಏರೂದು. ಕಸೂತಿಯ ಉಳಿದ ಎರಡು ಹೊಲಿಗಿ, ನೇಗಿ, ಮೆಂತಿ, ಸಾವಕಾಶ ಕಲೀಲಿ.

ಆರೈಕೆ:
ಹೊಲಿಗೆಗಿಂತ ಮುಂಚೆ ಒಂದು ಮಾತು. ಕೈನಡುಕ, ಹತ್ತಿರದ್ದು ಮಸುಕಾಗಿ ಕಾಣುವುದು ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ವೈದ್ಯರಿಗೆ ತಿಳಿಸಿ. ಸೂಜಿ ಹಿಡಿಯಲಿಕ್ಕೆ ಆಗಲೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸುವುದು ಖಂಡಿತ ಬೇಡ. ಕಸೂತಿ ಔಷಧಿಯ ಜೊತೆಗೆ ಇರಬೇಕಾದ್ದು, ಅದರ ಬದಲಿಗೆ ಅಲ್ಲ.

ಎಣಿಸುವಾಗ ಮನಸ್ಸು ಬೇರೆ ಕಡೆ ಓಡುವುದು ಕಡಿಮೆ. ಈ ಕೆಲಸದ ಗುಣವೇ ಅದು. ಆದರೆ ಬಿಚ್ಚುವ ಗಳಿಗೆ ಇದೆಯಲ್ಲ, "ನನ್ನ ಕೈಲಿ ಏನೂ ಆಗುವುದಿಲ್ಲ" ಎನಿಸುವುದು ಅಲ್ಲೇ. ಹಾಗಾಗಿ ತಪ್ಪಿದರೆ ಹತ್ತು ನಿಮಿಷ ಮಾತ್ರ ಹಾಳಾಗುವಷ್ಟು ಸಣ್ಣ ಚಿತ್ತಾರ ಕೊಡಿ: ಒಂದು ನಕ್ಷತ್ರ, ಒಂದು ಪುಟ್ಟ ತುಳಸಿಕಟ್ಟೆ. ಪ್ರತಿ ಹತ್ತು ಹೊಲಿಗೆಗೆ ಒಮ್ಮೆ ಎಣಿಕೆ ತಾಳೆ ನೋಡಲಿ. 20 ನಿಮಿಷಕ್ಕೊಮ್ಮೆ ಎದ್ದು ದೂರ ನೋಡಲಿ, ಬೆರಳು ಬಿಡಿಸಲಿ. ರಾತ್ರಿ ನಿದ್ದೆಗೆಟ್ಟು ಹಾಕುವುದು ಬೇಡವೇ ಬೇಡ.

ಸಂತೆಪೇಟೆ:
ದುಡಿಮೆಯ ವಿಷಯ. ಕೈ ಕೂರುವವರೆಗೆ, ನನ್ನ ಲೆಕ್ಕದಲ್ಲಿ ಮೊದಲ ಆರು ತಿಂಗಳು, ತಾರೀಕು ಗೊತ್ತುಮಾಡಿದ ಆರ್ಡರ್ ಹಿಡಿಯಬೇಡಿ. ಗಡುವಿನ ಒತ್ತಡ ಬಂದರೆ ಗುಣವಾಗುತ್ತಿದ್ದದ್ದೂ ಹಿಂದಕ್ಕೆ ಹೋಗಬಹುದು. ಕರವಸ್ತ್ರ, ಪರ್ಸು, ದಿಂಬಿನ ಕವರಿನಿಂದ ಶುರುವಾಗಲಿ.

ಪ್ರತಿ ತುಂಡಿಗೆ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಲಿ. ಉದಾಹರಣೆಗೆ 14 ಗಂಟೆಯ ಕೆಲಸ, ಗಂಟೆಗೆ 60 ರೂಪಾಯಿಯಂತೆ 840, ಬಟ್ಟೆ, ದಾರ 160, ದರ್ಜಿಗೆ 100. ಒಟ್ಟು 1,100. ಅಂಗಡಿಯ ಪಾಲು ಇದರ ಮೇಲೆ ಸೇರಬೇಕು, ಇದರಿಂದ ಕಳೆಯಬಾರದು. ಬರೆದಿಡದವರು ಯಂತ್ರದ ಕಸೂತಿಯ ದರಕ್ಕೆ ಕೊಟ್ಟು ಸೋಲುತ್ತಾರೆ. ಕೊಳ್ಳುವವರಿಗೆ ಹಿಂಬದಿ ತಿರುಗಿಸಿ ತೋರಿಸಲಿ, ಕೈಕೆಲಸಕ್ಕೆ ಅದೇ ಸಾಕ್ಷಿ.

ಕಸೂತಿಗೆ ಜಿಐ (ಇಂಥ ಊರಿನದೇ ಕಸುಬು ಎನ್ನುವ ಭೌಗೋಳಿಕ ಗುರುತು) ಮಾನ್ಯತೆ ಇದೆ. ಕೇಂದ್ರದ ಕರಕುಶಲ ಇಲಾಖೆ ಕೊಡುವ ಕುಶಲಕರ್ಮಿಗಳ ಪೆಹಚಾನ್ ಗುರುತಿನ ಚೀಟಿಗೆ ಕೈ ಪಳಗಿದ ಮೇಲೆ ಅರ್ಜಿ ಹಾಕಿ. ಕಸುಬುದಾರರಿಗೆ ನೆರವು ಕೊಡುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಇದೆ, ಕಸೂತಿ ಇಲ್ಲ. ಆ ದಾರಿಯಲ್ಲಿ ಅಲೆಯಬೇಡಿ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಮ್ಯಾಟಿ ತರುತ್ತೇನೆ. ಅವಳಿಗೆ ಚಂದ್ರಕಾಳಿ, ಅಂದರೆ ಕಪ್ಪು ಸೀರೆಯ ಆಸೆ. ಕಪ್ಪಿನ ಮೇಲೆ ಎಳೆ ಕಾಣುವುದು ಹೇಗೆ?

ಗವಂತಿ_ಧಾರವಾಡ:
ತೊಡಿ ಮ್ಯಾಲೆ ಬಿಳಿ ಪಂಚೆ ಹಾಸಿಕೊಂಡು ಕೂಡಲಿ, ಕಪ್ಪು ಬಟ್ಟಿಯ ತೂತು ಎದ್ದು ಕಾಣತಾವ. ಬಲಗೈಯವರಾದ್ರ ಎಡಗಡೆಯಿಂದ ಹಗಲಬೆಳಕು ಬೀಳಬೇಕು. ಕೆಂಪು ದಾರ ಬಣ್ಣ ಬಿಡತದೋ ಇಲ್ಲೋ, ಒದ್ದಿ ಬಿಳಿ ಅರಿವಿಯೊಳಗ ಒತ್ತಿ ನೋಡಿ ಆಮ್ಯಾಲೆ ಹಚ್ಚಲಿ.