26/11 ಶ್ರದ್ಧಾಂಜಲಿ ಸಭೆ ಮಾಡಿದವರು ಅನುಭವ ಹೇಳಿ

ಗೋರೆಗಾಂವ್: ನಮ್ಮ ಕಾಲೊನಿಯಲ್ಲಿ ಕನ್ನಡದ ಮನೆಗಳು ಸುಮಾರು ಅರವತ್ತು. 2008ರ ಮುಂಬೈ ದಾಳಿಯಲ್ಲಿ ಸತ್ತವರಿಗಾಗಿ ಈ ನವೆಂಬರ್ 26ರ ಸಂಜೆ ಮೈದಾನದಲ್ಲಿ ಸಣ್ಣ ಸಭೆ ಇಡೋಣ ಎಂದಿದ್ದೇವೆ. ಮೈಕ್ ಬೇಕು. ಕೈಯಲ್ಲಿರುವುದು 20,000. ಮಾಡಿದವರು ದಾರಿ ಹೇಳಿ.

ಡೊಂಬಿವಲಿ: ಹತ್ತು ವರ್ಷ ತುಂಬಿತೆಂದು 2018ರಲ್ಲಿ ನಾವು ಮಾಡಿದೆವು. 20,000 ಎಲ್ಲಿಗೂ ಸಾಲುವುದಿಲ್ಲ. ಪೆಂಡಾಲ್ 14,000. ಸೌಂಡ್ 6,500. ನೂರು ಕುರ್ಚಿಗೆ 800, ಎರಡು ಮುರಿದದ್ದಕ್ಕೆ ದಂಡ 700! ಗೊಂಡೆ ಹೂವನ್ನು ದಾದರ್‌ನಿಂದ ಬೆಳಗಿನ ಲೋಕಲ್‌ನಲ್ಲಿ ನಾನೇ ಹೊತ್ತು ತಂದೆ. ಇಷ್ಟೆಲ್ಲ ಮಾಡಿ ಫ್ಲೆಕ್ಸ್ ಬಿಚ್ಚಿ ನೋಡಿದ್ದು ಹಿಂದಿನ ರಾತ್ರಿ ಹನ್ನೊಂದಕ್ಕೆ. '175 ಹುತಾತ್ಮರಿಗೆ ನಮನ' ಎಂದಿತ್ತು. ತೀರಿಕೊಂಡವರು 166. ಮಿಕ್ಕ ಒಂಬತ್ತು ಯಾರು ಗೊತ್ತಾ? ಗುಂಡು ಹಾರಿಸಿದವರು! ಬಂದ ಹತ್ತರಲ್ಲಿ ಕಸಬ್ ಒಬ್ಬ ಸಿಕ್ಕಿಬಿದ್ದ, ಉಳಿದವರ ಹೆಣಗಳನ್ನೂ ಸೇರಿಸಿದ ಲೆಕ್ಕ ಅದು. ಅಂಗಡಿಯವನು 2,200 ವಾಪಸ್ ಕೊಡಲಿಲ್ಲ. ಬಿಳಿ ಕಾಗದ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ 166 ಬರೆದೆ. ಗಾಳಿಗೆ ಮೂಲೆ ಎದ್ದು, ಸಭೆ ಮುಗಿಯುವವರೆಗೂ ಆ 5 ಇಣುಕುತ್ತಲೇ ಇತ್ತು.

ಮಾಟುಂಗಾ: ಸಭೆ ಯಾಕೆ ಮಾರಾಯ್ರೆ? ನಾನು ಆಗ ಫೋರ್ಟ್‌ನ ಒಂದು ಹೋಟೆಲಿನ ಗಲ್ಲೆಯಲ್ಲಿದ್ದೆ. ಆ ರಾತ್ರಿ ಶಟರ್ ಎಳೆದು ಹನ್ನೊಂದು ಮಂದಿ ಒಳಗೇ ಕೂತೆವು. ಇಡ್ಲಿ ಹಿಟ್ಟು ಉಕ್ಕಿ ನೆಲಕ್ಕೆ ಚೆಲ್ಲುತ್ತಿತ್ತು, ಯಾರೂ ಏಳಲಿಲ್ಲ. ಅದಕ್ಕೇ ನಾನು ರಕ್ತದಾನ ಶಿಬಿರ ಮಾಡಿಸಿದೆ. ಬಂದವರು 41, ವಾಪಸ್ ಹೋದವರು 17. ಹಿಮೋಗ್ಲೋಬಿನ್ 12.5 ಇರಬೇಕಂತೆ, ನಮ್ಮ ಹೆಂಗಸರದ್ದು ಹನ್ನೊಂದು ದಾಟಲಿಲ್ಲ. ಹನ್ನೆರಡು ಡಜನ್ ಬಾಳೆಹಣ್ಣಿನಲ್ಲಿ ಅರ್ಧ ಕೊಳೆಯಿತು. ಆದರೂ 24 ಜನರ ರಕ್ತ ಯಾರಿಗೋ ಸೇರಿತಲ್ಲ. ಫ್ಲೆಕ್ಸಿನಿಂದ ಯಾರಿಗೆ ಏನು ಸಿಕ್ಕಿತು?

ಡೊಂಬಿವಲಿ: ರಕ್ತ ಕೊಟ್ಟವರಿಗೆ ಹಂಚಿದ ಟೀ ಶರ್ಟ್ ಮೇಲೆ ಹೋಟೆಲಿನ ಹೆಸರಿತ್ತಂತೆ? ನಮ್ಮ ಭಾವ ಇವತ್ತಿಗೂ ಹಾಕಿಕೊಳ್ಳುತ್ತಾರೆ.

ಮಾಟುಂಗಾ: ದುಡ್ಡು ಮಾಲೀಕರದ್ದು, ಹೆಸರೂ ಅವರದ್ದು. ನಾನು ಸಂಬಳದವ. ನಿಮ್ಮ ಭಾವನಿಗೆ ಬೇಡದಿದ್ದರೆ ವಾಪಸ್ ಕಳಿಸಲಿ.

ಪುಣೆ: ನಿಮ್ಮದೆಲ್ಲ ಒಂದು ದಿನದ ಖರ್ಚು. ನಮ್ಮದು ಕೇಳಿ. ಇಲ್ಲಿ ಜರ್ಮನ್ ಬೇಕರಿಯಲ್ಲಿ 2010ರ ಫೆಬ್ರವರಿ 13ಕ್ಕೆ ಬಾಂಬ್ ಸಿಡಿದು 17 ಜನ ಹೋದರು. ನಾನು ಇಳಕಲ್ ಕಡೆಯವ. ನಮ್ಮೂರ ಕೆಂಪು ಕಲ್ಲೇ ನಿಲ್ಲಿಸೋಣ ಎಂದು ತರಿಸಿದೆ, ಮೂರಡಿ ಎರಡಡಿ. ಕಲ್ಲಿಗೆ 4,000, ಟೆಂಪೋಗೆ 3,500. ಕೆತ್ತುವವನು ಒತ್ತಕ್ಷರಕ್ಕೆ ಬೇರೆ ದುಡ್ಡು ಕೇಳಿದ. 'ಶ್ರದ್ಧಾಂಜಲಿ' ಒಂದರಲ್ಲೇ ಎರಡು ಒತ್ತು! ಕಲ್ಲು ಬಂದಮೇಲೆ ಸೊಸೈಟಿಯವರು ಉಲ್ಟಾ ಹೊಡೆದರು. ಗೇಟಿನ ಹತ್ತಿರ ಸಮಾಧಿ ಇದ್ದ ಹಾಗೆ ಕಾಣುತ್ತದೆ, ಫ್ಲ್ಯಾಟ್ ರೇಟ್ ಬೀಳುತ್ತದೆ ಎಂದರು. ಈಗ ಮೆಟ್ಟಿಲ ಕೆಳಗಿದೆ. ವಾಚ್‌ಮನ್ ಅದರ ಮೇಲೆ ಟಿಫಿನ್ ಡಬ್ಬಿ ಇಡುತ್ತಾನೆ.

ಕಾಂದಿವಲಿ: ಫೋಟೋ ಇಟ್ಟರೆ ತಾಜ್ ಹೋಟೆಲಿನಲ್ಲಿ ಹೋರಾಡಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರದ್ದು ನಡುವೆ ಇರಲಿ. ನಮ್ಮ ಬೆಂಗಳೂರಿನ ಹುಡುಗ.

ಡೊಂಬಿವಲಿ: ನಡುವೆ ಇರಬೇಕಾದವರು ಪೊಲೀಸ್ ತುಕಾರಾಮ್ ಓಂಬ್ಳೆ. ಗಿರ್ಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಕೆ ಹಿಡಿದುಕೊಂಡೇ ಪ್ರಾಣ ಬಿಟ್ಟರು. ಅದಕ್ಕೇ ಅವನು ಜೀವಂತ ಸಿಕ್ಕಿದ್ದು. ಅನ್ನ ಕೊಟ್ಟ ಊರಲ್ಲಿ ನಮ್ಮವರು ತಮ್ಮವರು ಅನ್ನಬೇಡಿ.

ಕಾಂದಿವಲಿ: ನಾನು ಎಲ್ಲಿ ಹಾಗಂದೆ? ಓದಿ ಮಾತಾಡಿ.

ಮಾಟುಂಗಾ: ಇಬ್ಬರೂ ದೊಡ್ಡವರೇ. ಸಿಎಸ್‌ಟಿ ಸ್ಟೇಷನ್ನಿನಲ್ಲಿ 58 ಜನ ಸತ್ತರು, ಊರಿನ ರೈಲಿಗೆ ಮೂಟೆ ಇಟ್ಟುಕೊಂಡು ಕೂತವರು. ಅವರ ಫೋಟೋ ಯಾರ ಫ್ಲೆಕ್ಸಲ್ಲಿ ನೋಡಿದ್ದೀರಿ?

ಗೋರೆಗಾಂವ್: ಮೈದಾನದ ಪರ್ಮಿಷನ್ ಮೊದಲೋ, ಮೈಕಿನದ್ದೋ?

ಡೊಂಬಿವಲಿ: ಮೈದಾನದ್ದು. ಆ ಪತ್ರವಿಲ್ಲದೆ ನಮ್ಮ ಠಾಣೆಯಲ್ಲಿ ಮೈಕಿನ ಅರ್ಜಿ ಮುಟ್ಟಲೂ ಇಲ್ಲ, ಐದು ಸಲ ಅಲೆದೆ. ರಾತ್ರಿ ಹತ್ತಕ್ಕೆ ಮೈಕ್ ಬಂದ್.

ಕಾಂದಿವಲಿ: ಪುಣೆಯವರೇ, ಆ ಕಲ್ಲು ಸುಮ್ನೆ ಬಿದ್ದಿದೆಯಲ್ವಾ? ತಿರುಗಿಸಿ ಹಿಂಬದಿ 26/11 ಎಂದು ಕೆತ್ತಿಸಿ ಗೋರೆಗಾಂವ್‌ಗೆ ಕೊಡಬಹುದಲ್ಲ?

ಪುಣೆ: ಹದಿನೇಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಲಾ? ಅಲ್ಲದೆ ಹಿಂಬದಿ ಪಾಲಿಶ್ ಆಗಿಲ್ಲ.